ಕೋರ್ಟಿನ ಬಾಗಿಲು ಮುಚ್ಚಿದ್ರೆ ಹಕ್ಕು ಉಳಿಯುತ್ತಾ? ಫ್ರೀಡಂ ಪಾರ್ಕ್ ನೋಡ್ಕೊಂಡು ಬಂದ ಮೇಲೆ

ಮಲ್ಲೇಶ್ವರದ ಓದುಗ

ಹೋದ ಭಾನುವಾರ ಮಗಳನ್ನ ಕರ್ಕೊಂಡು ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಹಳೇ ಸೆಂಟ್ರಲ್ ಜೈಲು ಅಂತ ಎಲ್ರಿಗೂ ಗೊತ್ತು, ನಡುವೆ ಕಾವಲು ಗೋಪುರ ಇನ್ನೂ ಹಾಗೇ ಇದೆ. ಸೆಲ್ ಒಳಗೆ ನಿಂತ್ಕೊಂಡು ಮಗಳು ಎರಡೂ ಕೈ ಚಾಚಿ ಗೋಡೆ ಮುಟ್ಟೋಕೆ ನೋಡಿದ್ಲು, ಆಮೇಲೆ ಇಲ್ಲಿ ಕಳ್ಳರನ್ನ ಇಡ್ತಿದ್ರಾ ಅಂತ ಕೇಳಿದ್ಲು. ಹೌದು, 1975ರ ತುರ್ತು ಪರಿಸ್ಥಿತಿಯಲ್ಲಿ ಪಾರ್ಲಿಮೆಂಟ್ ಮೆಂಬರ್‌ಗಳನ್ನೂ ಇಟ್ಟಿದ್ರು ಅಂದೆ. ಅವರೇನು ಕದ್ದಿದ್ರು ಅಂದ್ಲು. ಏನೂ ಕದ್ದಿರ್ಲಿಲ್ಲ ಅಂತ ಹೇಳಿದೆ, ಆದ್ರೆ ಮತ್ತೆ ಯಾಕೆ ಕೋರ್ಟಿಗೆ ಹೋಗ್ಲಿಲ್ಲ ಅಂತ ಅವಳು ಕೇಳಿದಾಗ ಸರಿಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ.

ಯಾಕಂದ್ರೆ ಅವರು ಹೋಗಿದ್ರು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ, ನಾಲ್ಕೂ ಜನ ಸಂಸದೀಯ ಸಮಿತಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ರು, ಜೂನ್ 26ಕ್ಕೆ ಇಲ್ಲೇ ಅರೆಸ್ಟ್ ಆದ್ರು. ಮರುದಿನ ರಾಷ್ಟ್ರಪತಿ ಆದೇಶ ಬಂತು, ಸಂವಿಧಾನದ 14, 21, 22ನೇ ವಿಧಿಗಳ ಹಕ್ಕು (ಸಮಾನತೆ, ಪ್ರಾಣ ಮತ್ತು ಸ್ವಾತಂತ್ರ್ಯ, ಬಂಧನದಲ್ಲಿ ರಕ್ಷಣೆ) ಕೇಳಿ ಯಾರೂ ಕೋರ್ಟಿಗೆ ಹೋಗೋ ಹಾಗಿಲ್ಲ ಅಂತ. ಆದ್ರೂ ನಮ್ಮ ಹೈಕೋರ್ಟ್ ಅರ್ಜಿ ತಗೊಂಡಿತು. ಹೀಗೆ ದೇಶದಲ್ಲಿ ಒಂಬತ್ತು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳ್ತೀವಿ ಅಂದ್ವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, ಅದೇ ಎಡಿಎಂ ಜಬಲ್ಪುರ ಕೇಸು. 1976ರ ಏಪ್ರಿಲ್ 28ಕ್ಕೆ ತೀರ್ಪು, ನಾಲ್ಕು ಜನ ಜಡ್ಜುಗಳು ಅರ್ಜಿ ನಿಲ್ಲಲ್ಲ ಅಂದ್ರು, ಎಚ್.ಆರ್. ಖನ್ನಾ ಒಬ್ರೇ ನಿಲ್ಲುತ್ತೆ ಅಂದ್ರು.

ನನ್ನ ಪ್ರಶ್ನೆ ಸರಳ. ಬದುಕೋ ಹಕ್ಕು ಸಂವಿಧಾನ ಕೊಟ್ಟಿದ್ದಾ, ಅಥವಾ ನಮ್ಮ ಹತ್ರ ಮೊದ್ಲೇ ಇದ್ದದ್ದನ್ನ ಸಂವಿಧಾನ ಬರೆದುಕೊಂಡಿದ್ದಾ? ಕೊಟ್ಟಿದ್ದು ಅಂತಾದ್ರೆ ಕೊಟ್ಟವರು ವಾಪಸ್ ತಗೋಬಹುದು. ವ್ಯಕ್ತಿ ಸ್ವಾತಂತ್ರ್ಯವೇ ಮುಖ್ಯ ಅನ್ನೋ ಲಿಬರಲ್ ಚಿಂತನೆ ಇಡೀ ನಿಂತಿರೋದೇ ಈ ಪ್ರಶ್ನೆ ಮೇಲೆ ಅಂತ ನನಗೆ ಅನ್ಸುತ್ತೆ. ನಿಮಗೆ ಏನನ್ಸುತ್ತೆ ಹೇಳಿ.

ಕಾನೂನು ಮೂರನೇ ವರ್ಷ

ಕ್ಲಾಸಲ್ಲಿ ಈ ಕೇಸ್ ಬಂದಾಗೆಲ್ಲ ಎಲ್ರೂ ಖನ್ನಾ ಹೀರೋ ಉಳಿದ ನಾಲ್ಕು ಜನ ವಿಲನ್ ಅಂತ ಮುಗಿಸ್ತಾರೆ, ಅದು ನನಗೆ ಸರಿ ಕಾಣಲ್ಲ. ಆ ನಾಲ್ಕು ಜನದ ವಾದಾನೂ ಕೇಳಿ. ಸ್ವಾತಂತ್ರ್ಯ ಅನ್ನೋದು ಗಾಳೀಲಿ ತೇಲಾಡೋದಲ್ಲ, ನಮ್ಮ ದೇಶದಲ್ಲಿ ಅದು ಇರೋದು 21ನೇ ವಿಧಿಯಲ್ಲಿ, ಸಂವಿಧಾನದ 359ನೇ ವಿಧಿಯೇ ತುರ್ತು ಪರಿಸ್ಥಿತಿಯಲ್ಲಿ ಆ ಬಾಗಿಲು ಮುಚ್ಚೋ ಅಧಿಕಾರ ಕೊಟ್ಟಿದೆ, ನಾವು ಯಾರು ತೆಗೆಯೋಕೆ ಅನ್ನೋದು ಅವರ ಮಾತು. ಇದು ಇಂಗ್ಲೆಂಡಿನ ಚಿಂತಕ ಬೆಂಥಾಮ್ ಮಾತಿಗೆ ಹತ್ರ. ಕಾನೂನು ಇಲ್ಲದೆ ಹಕ್ಕು ಇಲ್ಲ, ನಿಸರ್ಗದತ್ತ ಹಕ್ಕು ಅನ್ನೋದು ಮರಗಾಲು ಕಟ್ಕೊಂಡ ಅಸಂಬದ್ಧ ಅಂತ ಅವನು ಫ್ರೆಂಚ್ ಕ್ರಾಂತಿಯವರ ಹಕ್ಕುಗಳ ಘೋಷಣೆ ಬಗ್ಗೆ ಬರೆದಿದ್ದ. (ನಡುವೆ ಗೋಪುರ ಇಟ್ಟು ಸುತ್ತಲೂ ಸೆಲ್ ಕಟ್ಟಿ ಎಲ್ರನ್ನೂ ಒಬ್ಬನೇ ನೋಡೋ ಜೈಲಿನ ನಕ್ಷೆ ಕೊಟ್ಟವನೂ ಅವನೇ. ಫ್ರೀಡಂ ಪಾರ್ಕಿನ ಗೋಪುರ ನೋಡಿದ್ರೆ ನನಗೆ ಅದೇ ನೆನಪಾಗುತ್ತೆ.)

ಇಂಗ್ಲೆಂಡಿನ ಕಾನೂನು ಚಿಂತಕ ಹಾರ್ಟ್ ಅಂತೂ ಇನ್ನೂ ಸ್ಪಷ್ಟ. ಇದು ಕಾನೂನು ಹೌದೋ ಅಲ್ವೋ ಅನ್ನೋದು ಒಂದು ಪ್ರಶ್ನೆ, ಇದನ್ನ ಪಾಲಿಸ್ಬೇಕೋ ಬೇಡ್ವೋ ಅನ್ನೋದು ಬೇರೆ ಪ್ರಶ್ನೆ, ಎರಡನ್ನೂ ಕಲಸಬೇಡಿ ಅಂತ ಹೇಳ್ತಾನೆ. ಕೆಟ್ಟ ಕಾನೂನನ್ನ ಕಾನೂನೇ ಅಲ್ಲ ಅಂದ್ಬಿಟ್ರೆ ಬೈಯೋಕೆ ಏನೂ ಉಳಿಯಲ್ಲ, ಹೌದು ಇದು ಕಾನೂನು, ಆದ್ರೆ ಪಾಲಿಸೋಕೆ ಯೋಗ್ಯ ಅಲ್ಲ ಅಂತ ಹೇಳೋದು ಹೆಚ್ಚು ಪ್ರಾಮಾಣಿಕ.

ನಿವೃತ್ತ ಮೇಷ್ಟ್ರು, ಸಾಗರ

ತಮ್ಮಾ, ನೀವು ಚೆನ್ನಾಗಿ ಬರೆದಿದೀರಿ, ಆದ್ರೆ ಆ ಕೇಸಲ್ಲಿ ಖನ್ನಾ ಅವರು ಕೇಳಿದ ಒಂದು ಪ್ರಶ್ನೆ ಬಿಟ್ಟಿದೀರಿ. ಒಬ್ಬ ಪೊಲೀಸ್ ಅಧಿಕಾರಿ ತನ್ನ ಸ್ವಂತ ದ್ವೇಷಕ್ಕೆ ಯಾರನ್ನಾದ್ರೂ ಕೊಂದ್ರೆ, ಆಗ್ಲೂ ಕೋರ್ಟಲ್ಲಿ ಪರಿಹಾರ ಇಲ್ವಾ ಅಂತ ಸರ್ಕಾರದ ಪರ ವಾದ ಮಾಡ್ತಿದ್ದ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನ ಕೇಳಿದ್ರು. ತುರ್ತು ಪರಿಸ್ಥಿತಿ ಇರೋ ತನಕ ಇಲ್ಲ, ನನ್ನ ಆತ್ಮಸಾಕ್ಷಿಗೂ ಇದು ಆಘಾತವೇ, ಆದ್ರೆ ನನ್ನ ವಾದದ ಪ್ರಕಾರ ಇಲ್ಲ, ಅನ್ನೋ ಅರ್ಥದ ಉತ್ತರ ಬಂತು. ಆ ಮಾತು ಕೇಳಿದ ಮೇಲೂ ನಾಲ್ಕು ಜನ ಅದೇ ಕಡೆ ಸಹಿ ಹಾಕಿದ್ರು. ಅವರಲ್ಲಿ ಜಸ್ಟಿಸ್ ಬೇಗ್ ಅವರು ಬಂಧಿತರನ್ನ ಸರ್ಕಾರ ತಾಯಿಯ ಹಾಗೆ ನೋಡ್ಕೊಳ್ತಿದೆ ಅನ್ನೋ ಅರ್ಥದಲ್ಲಿ ಬರೆದಿದಾರೆ.

ನಮ್ಮ ಚಿಕ್ಕಪ್ಪ ಸಮಾಜವಾದಿಗಳ ಜೊತೆ ಇದ್ದೋರು, ಹಾಗಾಗಿ ಮೀಸಾದಲ್ಲಿ (ವಿಚಾರಣೆ ಇಲ್ಲದೆ ಬಂಧಿಸೋ ಕಾಯ್ದೆ) ಒಳಗೆ ಹೋದ್ರು. ಜೈಲಿಂದ ಬರೋ ಕಾರ್ಡು ನಮ್ಮಜ್ಜಿ ನನ್ನ ಕೈಲಿ ಓದಿಸೋರು, ನಾನಾಗ ಏಳನೇ ಕ್ಲಾಸು. ಕಾರ್ಡಲ್ಲಿ ಅರ್ಧ ಸಾಲು ಕಪ್ಪು ಮಸಿ ಬಳಿದಿರೋದು. "ಕೆಂಪಿ ಕರು ಹಾಕಿತಾ" ಅಂತ ಇರೋದು, ಮುಂದೆ ಕಪ್ಪು, ಆಮೇಲೆ "ಅಮ್ಮನಿಗೆ ನಮಸ್ಕಾರ". ಅಜ್ಜಿ ಆ ಕಪ್ಪು ಭಾಗದ ಮೇಲೆ ಬೆರಳು ಇಟ್ಟು ಇಲ್ಲೇನಿದೆ ಓದು ಅಂತ ಪ್ರತಿ ಸಲ ಕೇಳೋರು. ಯಾಕೆ ಹಿಡಿದ್ರು ಅಂತ ಕೇಳೋಕೆ ನಮ್ಮಪ್ಪ ಎಷ್ಟು ಸಲ ಪೇಟೆಗೆ ಹೋಗಿ ಬಂದ್ರೋ ಲೆಕ್ಕ ಇಲ್ಲ, ಕಾರಣ ಹೇಳೋ ಹಾಗಿಲ್ಲ ಅಂತ ಒಂದೇ ಮಾತು. ಆಗ ಕಾಯ್ದೆಗೇ ತಿದ್ದುಪಡಿ ತಂದು ಬಂಧನದ ಕಾರಣ ಅಂದ್ರೆ ರಾಜ್ಯದ ರಹಸ್ಯ, ಯಾರಿಗೂ ಹೇಳೋ ಹಾಗಿಲ್ಲ ಅಂತ ಬರೆದಿದ್ರು.

ಹಾರ್ಟ್ ಹೇಳೋ ಎರಡು ಪ್ರಶ್ನೆ ಪುಸ್ತಕದಲ್ಲಿ ಬೇರೆ ಬೇರೆ ಇರಬಹುದು. ನಮ್ಮ ಅಜ್ಜಿಗೆ ಇದ್ದದ್ದು ಒಂದೇ ಪ್ರಶ್ನೆ.

ಕೋಲಾರದ ಹುಡುಗಿ

ಮೇಷ್ಟ್ರೇ ಓದಿ ಕಣ್ಣು ತುಂಬಿ ಬಂತು. ಆದ್ರೂ ನಾನು ಇಲ್ಲಿ ಬೇರೆ ಮಾತು ಹೇಳ್ಬೇಕು, ತಪ್ಪು ತಿಳ್ಕೋಬೇಡಿ.

ಹಕ್ಕು ಹುಟ್ಟಿನಿಂದಲೇ ಇರುತ್ತೆ, ಸಂವಿಧಾನ ಅದನ್ನ ಬರೆದುಕೊಂಡಿದೆ ಅಷ್ಟೇ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದ್ರೆ ನಮ್ಮ ಜನ ಸಾವಿರಾರು ವರ್ಷ ಹುಟ್ಟುತ್ತಾನೇ ಇದ್ರು, ಆ ಹುಟ್ಟಿನ ಹಕ್ಕು ಎಲ್ಲಿತ್ತು? ನಮ್ಮ ತಾತನ ಕಾಲಕ್ಕೆ ಊರ ಬಾವಿ ಹತ್ರ ಹೋಗೋ ಹಾಗಿರ್ಲಿಲ್ಲ. ಲಾಕ್ ಅನ್ನೋ ಇಂಗ್ಲೆಂಡಿನ ಚಿಂತಕರು 1689ರಲ್ಲಿ ಜೀವ, ಸ್ವಾತಂತ್ರ್ಯ, ಆಸ್ತಿ ಅಂತ ಬರೆದ್ರು, ಅದೇ ಲಾಕ್ ಗುಲಾಮರ ವ್ಯಾಪಾರ ಮಾಡೋ ಕಂಪನಿಯಲ್ಲಿ ಷೇರು ಇಟ್ಕೊಂಡಿದ್ರು. ನಮಗೆ ಹಕ್ಕು ಅಂತ ಬಂದದ್ದು ಅಸ್ಪೃಶ್ಯತೆ ರದ್ದು ಮಾಡೋ 17ನೇ ವಿಧಿ ಬರೆದ ಮೇಲೆ. ಬರೆದ ಕಾನೂನು ನಮಗೆ ಕಾಗದ ಅಲ್ಲ, ಅದೇ ನಮ್ಮ ಹುಟ್ಟು. ಹಾಗಾಗಿ ಸಂವಿಧಾನ ಕೊಟ್ಟಿದ್ದು ಅಂತ ಹೇಳೋಕೆ ನನಗೆ ಯಾವ ಸಂಕೋಚಾನೂ ಇಲ್ಲ.

ಇನ್ನೊಂದು, ಕೋರ್ಟಿನ ಬಾಗಿಲು ಅಂತೀರಲ್ಲ, ಆ ಬಾಗಿಲನ್ನ ಸಂವಿಧಾನದ ಒಳಗೆ ಇಟ್ಟಿದ್ದೇ ಅಂಬೇಡ್ಕರ್. ಹಕ್ಕಿಗಾಗಿ ನೇರ ಸುಪ್ರೀಂ ಕೋರ್ಟಿಗೆ ಹೋಗೋಕೆ ಬಿಡೋ 32ನೇ ವಿಧಿಯನ್ನ ಸಂವಿಧಾನದ ಹೃದಯ, ಆತ್ಮ ಅಂತ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದ್ರು. ಪರಿಹಾರ ಇಲ್ಲದ ಹಕ್ಕು ಹಕ್ಕೇ ಅಲ್ಲ ಅಂತ ಅವರಿಗೆ ಪುಸ್ತಕ ಓದಿ ಮಾತ್ರ ಗೊತ್ತಾಗಿದ್ದಲ್ಲ.

ನೇತ್ರಾವತಿ ತೀರ

ಕೋಲಾರದವರು ಹೇಳಿದ್ದಕ್ಕೆ ಸೇರಿಸ್ತೇನೆ. ನಮ್ಮ ಕಡೆ ತುರ್ತು ಪರಿಸ್ಥಿತಿ ಅಂದ್ರೆ ಎಷ್ಟೋ ಮನೆಗಳಲ್ಲಿ ಬೇರೆಯೇ ನೆನಪು ಉಂಟು ಮಾರಾಯ್ರೆ. ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚಿಂದ ಜಾರಿಗೆ ಬಂತು, ಗೇಣಿದಾರರ ಅರ್ಜಿ ಕೇಳುವ ಟ್ರಿಬ್ಯೂನಲ್‌ಗಳು ಜೋರಾಗಿ ಕೆಲಸ ಮಾಡಿದ ವರ್ಷಗಳು ಅವೇ. ನಮ್ಮ ಅಜ್ಜಿ ಮೂರು ತಲೆಮಾರು ಗೇಣಿ ಕೊಟ್ಟ ಗದ್ದೆ ಅವರ ಹೆಸರಿಗೆ ಆದದ್ದು ಆಗ. ಆ ಟ್ರಿಬ್ಯೂನಲ್ಲಿಗೆ ಆಗ ವಕೀಲರು ಬರುವ ಹಾಗೆ ಇರಲಿಲ್ಲ, ಕಾಯ್ದೆಯಲ್ಲೇ ಹಾಗೆ ಬರೆದಿದ್ರು. ಅಜ್ಜಿ ಸ್ವತಃ ಹೋಗಿ ನಿಂತು, ಇದು ನಾನು ನೆಟ್ಟ ತೆಂಗು, ಇದು ನನ್ನ ಅತ್ತೆ ಕಟ್ಟಿದ ಕಟ್ಟಪುಣಿ (ಗದ್ದೆಯ ಬದು) ಅಂತ ತುಳುವಿನಲ್ಲೇ ಹೇಳಿದ್ರಂತೆ. ಧನಿಗಳ ಕಡೆಯೂ ವಕೀಲರು ಇಲ್ಲ, ಹಾಗಾಗಿ ಇಬ್ಬರೂ ಸಮ.

ಆಸ್ತಿ ಹಕ್ಕು ಕೂಡ ಲಿಬರಲ್ ಹಕ್ಕೇ ಅಲ್ವಾ? ಕೇಶವಾನಂದ ಭಾರತಿ ಕೇಸು ನೋಡಿ, ಕಾಸರಗೋಡಿನ ನಮ್ಮ ಎಡನೀರು ಮಠದ ಸ್ವಾಮಿಗಳು ಮಠದ ಜಮೀನು ಹೋಗ್ತದೆ ಅಂತ ಕೇರಳದ ಭೂಸುಧಾರಣೆ ವಿರುದ್ಧ ಕೋರ್ಟಿಗೆ ಹೋದದ್ದು. 1973ರ ಏಪ್ರಿಲ್ 24ಕ್ಕೆ ಏಳು ಜಡ್ಜುಗಳು ಒಂದು ಕಡೆ, ಆರು ಇನ್ನೊಂದು ಕಡೆ ಆಗಿ ತೀರ್ಪು, ಪಾರ್ಲಿಮೆಂಟ್ ತಿದ್ದುಪಡಿ ಮಾಡಿದ್ರೂ ಸಂವಿಧಾನದ ಮೂಲ ರಚನೆ ಮುಟ್ಟುವ ಹಾಗಿಲ್ಲ ಅಂತ. ಆ ಏಳರ ಕಡೆ ತಕ್ಕಡಿ ವಾಲಿಸಿದ್ದು ಇದೇ ಖನ್ನಾ, ಆದ್ರೆ ಆಸ್ತಿ ಹಕ್ಕು ಮೂಲ ರಚನೆಗೆ ಸೇರಲ್ಲ ಅಂತಲೂ ಅವರೇ ಹೇಳಿದ್ದು. ಎಲ್ಲ ಹಕ್ಕೂ ಒಂದೇ ತೂಕ ಅಂತ ಅವರೂ ಒಪ್ಪಿರಲಿಲ್ಲ ಅಂತಾಯ್ತು.

ಧಾರವಾಡ ಪೇಡೆ

ನಾ ಇಷ್ಟೊತ್ತು ಸುಮ್ನ ಓದಕೋತ ಕುಂತಿದ್ದೆ. ನೇತ್ರಾವತಿಯವ್ರು ವಕೀಲ್ರಿಲ್ಲದ ಟ್ರಿಬ್ಯೂನಲ್ ಬಗ್ಗೆ ಹೇಳಿದ್ರಲ್ರೀ, ನಾ ಇನ್ನೊಂದು ವಕೀಲ್ರಿಲ್ಲದ ಖೋಲಿ ಬಗ್ಗೆ ಹೇಳ್ತೀನಿ.

ನಮ್ಮ ಓಣ್ಯಾಗ ಒಬ್ಬ ಹುಡುಗ ಇದ್ದ. ಸಣ್ಣ ಪುಟ್ಟ ಹೊಡೆದಾಟದ ಕೇಸ್ ಇದ್ವು, ಸಾಧು ಅಂತ ನಾ ಹೇಳಂಗಿಲ್ಲ. ಎಲ್ಲಾದ್ರಾಗೂ ಬೇಲ್ ಸಿಕ್ಕಿತ್ತು. ಬೇಲ್ ಸಿಕ್ಕ ಮ್ಯಾಲೆ ಗೂಂಡಾ ಕಾಯ್ದೆ ಹಾಕಿ ಒಳಗ ಹಾಕಿದ್ರು. ಅದು 1985ರ ಕಾಯ್ದೆರೀ, ಅದರಾಗ ವಿಚಾರಣೆ ಇಲ್ದ 12 ತಿಂಗಳ ತನಕಾ ಇಡಬಹುದು. ಮಾಡಿದ್ದಕ್ಕ ಶಿಕ್ಷಾ ಅಲ್ಲ, ಮುಂದ ಮಾಡಿಯಾನು ಅಂತ ಬಂಧನ. ಬಂಧನ ಸರಿ ಐತೋ ಇಲ್ಲೋ ನೋಡೋ ಸಲಹಾ ಮಂಡಳಿ ಮುಂದ ಹಾಜರ್ ಮಾಡ್ತಾರ, ಅಲ್ಲಿ ವಕೀಲ್ರನ್ನ ಇಟ್ಟು ವಾದ ಮಾಡೋ ಹಕ್ಕಿಲ್ಲ. ಇದೇನು ಎಮರ್ಜೆನ್ಸಿ ಕಾಲದ್ದಲ್ಲ, ಸಂವಿಧಾನದ 22ನೇ ವಿಧಿಯೊಳಗನ ಹಂಗ ಐತಿ, ಈಗಲೂ ಐತಿ.

ಅವರವ್ವ ಒಂದು ಕಾಗದದ ಗಂಟು ಹಿಡ್ಕೊಂಡು ನಮ್ಮನೀಗೆ ಬಂದ್ಳು. ಇನ್ನೂರಕ್ಕೂ ಮ್ಯಾಲೆ ಹಾಳಿ, ಅರ್ಧಕ್ಕರ್ಧ ಇಂಗ್ಲಿಷಿನಾಗ. ಆ ಹುಡುಗ ಓದಿದ್ದು ಕನ್ನಡದಾಗ ಆರನೇತ್ತಾ. ನಾ ರಾತ್ರಿ ಕುಂತು ಒಂದೊಂದ ಹಾಳಿ ಓದಿ ಹೇಳಿದೆ, ಆಕಿ ಹೂಂ ಹೂಂ ಅನಕೋತ ಕೇಳಿದ್ಳು, ನಡುವ ಒಂದ ಕಡೆ ತಡದು "ಆ ತಾರೀಕಿಗೆ ಇವ ನನ್ನ ಜೋಡಿ ಯಲ್ಲಮ್ಮನ ಗುಡ್ಡದಾಗ ಇದ್ದ" ಅಂದ್ಳು. ಅದನ್ನ ಯಾರ ಮುಂದ ಹೇಳೋದ್ರೀ? ಬಂಧನದ ಕಾರಣ ಬಂಧಿತಗ ತಿಳಿಯೋ ಭಾಷೆಯೊಳಗ ಇರಬೇಕು ಅಂತ ಸುಪ್ರೀಂ ಕೋರ್ಟ್ 1962ರಾಗನ ಹೇಳೇತಿ. ಕಡೀಕ ಹೈಕೋರ್ಟ್‌ನ್ಯಾಗ ಅದೇ ಕಾರಣಕ್ಕ ಆದೇಶ ರದ್ದಾತು, ಅಷ್ಟ್ರಾಗ ಏಳು ತಿಂಗಳು ಹೋಗಿತ್ತು.

ಹಕ್ಕು ಮೊದ್ಲಿಂದ ಇತ್ತೋ ಆಮ್ಯಾಲೆ ಕೊಟ್ರೋ ನನಗ ತಿಳೀದು. ಆ ಏಳು ತಿಂಗಳು ಯಾರ ಹತ್ರ ಇತ್ತು ಅಂತ ಹೇಳ್ರಿ.

ಮಲ್ಲೇಶ್ವರದ ಓದುಗ

ನಾನು ಪ್ರಶ್ನೆ ಹಾಕಿದಾಗ ಚರ್ಚೆ ಹೀಗೆ ತಿರುಗುತ್ತೆ ಅಂದ್ಕೊಂಡಿರ್ಲಿಲ್ಲ.

ಕೋಲಾರದವರಿಗೆ ಒಂದು ಮಾತು, ವಾದಕ್ಕೆ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ. ಮಹಾರಾಷ್ಟ್ರದ ಮಹಾಡಿನಲ್ಲಿ ಏನಾಯ್ತು ನೋಡಿ. ಸಾರ್ವಜನಿಕ ಕೆರೆ ಬಾವಿ ಎಲ್ರಿಗೂ ಅಂತ ಬಾಂಬೆ ಕೌನ್ಸಿಲ್ 1923ರಲ್ಲೇ ಠರಾವು ಮಾಡಿತ್ತು, ಆ ಊರಿನ ಪುರಸಭೆನೂ ಕೆರೆ ಎಲ್ರಿಗೂ ತೆರೆದಿದೆ ಅಂತ ಹೇಳಿತ್ತು. ಬರೆದದ್ದು ಇತ್ತು, ನೀರು ಮಾತ್ರ ಸಿಗ್ಲಿಲ್ಲ. 1927ರ ಮಾರ್ಚ್ 20ಕ್ಕೆ ಅಂಬೇಡ್ಕರ್ ಜನರನ್ನ ಕರ್ಕೊಂಡು ಹೋಗಿ ಚವದಾರ್ ಕೆರೆಯ ನೀರು ಕುಡಿದ್ರು, ಆಮೇಲೆ ಹಲ್ಲೆ ಆಯ್ತು, ಕೋರ್ಟಿನ ತಡೆಯಾಜ್ಞೆ ಬಂತು, ಬಾಂಬೆ ಹೈಕೋರ್ಟಿನ ತೀರ್ಪು ಬರೋಕೆ 1937 ಆಯ್ತು. ಹಾಗಾದ್ರೆ ಆ ದಿನ ಅವರು ಬೊಗಸೆಯಲ್ಲಿ ನೀರು ತಗೊಂಡಾಗ ಯಾವ ಹಕ್ಕಿನ ಮೇಲೆ ತಗೊಂಡ್ರು? ಠರಾವಿನ ಮೇಲೆ ಮಾತ್ರಾನಾ? ನಾವೂ ಮನುಷ್ಯರು ಅಂತ ಸಾಬೀತು ಮಾಡೋಕೆ ಬಂದಿದೀವಿ ಅನ್ನೋದೇ ಆ ಹೋರಾಟದ ಮಾತಾಗಿತ್ತು. ಆ ಮಾತು ಯಾವ ವಿಧಿಯಲ್ಲೂ ಬರೆದಿರ್ಲಿಲ್ಲ.

ಕೋಲಾರದ ಹುಡುಗಿ

ಒಪ್ತೀನಿ, ಅರ್ಧ. ಆ ಮಾತು ಮೊದ್ಲು ಬಂತು ನಿಜ. ಆದ್ರೆ ಮಾತನ್ನ ಮಾತಾಗೇ ಬಿಡದೆ ಹೋಗಿ ಬರೆಸಿದ್ರಲ್ಲ, ಅದೂ ಅಷ್ಟೇ ಮುಖ್ಯ. ಬರೆಯದೆ ಬಿಟ್ಟಿದ್ರೆ ಇವತ್ತು ನಾನು ಯಾವುದನ್ನ ತೋರ್ಸಿ ಕೇಳ್ಲಿ?

ಧಾರವಾಡದವರು ಹೇಳಿದ್ದು ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಯಾಕಂದ್ರೆ ಆ 22ನೇ ವಿಧಿನೂ ನಾನು ನನ್ನ ಹುಟ್ಟು ಅಂದ ಅದೇ ಪುಸ್ತಕದಲ್ಲಿದೆ. ಇಂಥ ಕಾಯ್ದೆಯಲ್ಲಿ ಒಳಗೆ ಹೋಗೋ ಹುಡುಗರಲ್ಲಿ ನಮ್ಮ ಕೇರಿಯವರೂ ಇದಾರೆ.

ಕಾನೂನು ಮೂರನೇ ವರ್ಷ

ಎರಡು ದಿನ ತಗೊಂಡು ಖನ್ನಾ ಅವರ ಭಿನ್ನ ತೀರ್ಪನ್ನ ಪೂರ್ತಿ ಓದ್ದೆ, ಮೊದ್ಲು ಟಿಪ್ಪಣಿ ಮಾತ್ರ ಓದಿದ್ದೆ ಅಂತ ಒಪ್ಕೊಳ್ತೀನಿ. ನಾನು ಅಂದ್ಕೊಂಡಿದ್ದು ಬೇರೆ ಇತ್ತು. ಅವರು ನಿಸರ್ಗ, ದೇವರು ಅಂತ ಹೋಗೋದೇ ಇಲ್ಲ. ಅವರ ವಾದ ಬಹಳ ನೆಲದ ಮೇಲಿದೆ. ಸಂವಿಧಾನ ಬರೋ ಮುಂಚೆಯೂ ಈ ದೇಶದಲ್ಲಿ ಕಾನೂನಿನ ಆಧಾರ ಇಲ್ಲದೆ ಯಾರ ಪ್ರಾಣಾನೂ ಸ್ವಾತಂತ್ರ್ಯಾನೂ ಸರ್ಕಾರ ಕಿತ್ಕೊಳ್ಳೋ ಹಾಗಿರ್ಲಿಲ್ಲ, ಹಾಗಾದ್ರೆ 21ನೇ ವಿಧಿ ಒಂದೇ ಅದಕ್ಕೆ ಆಧಾರ ಅಂತ ಹೇಗೆ ಹೇಳ್ತೀರಿ ಅನ್ನೋದು ಅವರ ಪ್ರಶ್ನೆ. ಮೀಸಾನೂ ಕಾನೂನೇ, ಅದರಲ್ಲಿ ಷರತ್ತುಗಳಿವೆ, ಆ ಷರತ್ತು ಮೀರಿ ಹಿಡಿದಿದ್ರೆ ಹಿಡಿದೋರು ಕಾನೂನಿನ ಹೊರಗೆ ಇದಾರೆ, ಅದನ್ನ ನೋಡೋಕೂ ಕೋರ್ಟಿಗೆ ಆಗಲ್ಲ ಅಂದ್ರೆ ಆ ಷರತ್ತು ಯಾಕೆ ಬರೆದ್ರಿ? ಇದಕ್ಕೆ ಹಾರ್ಟ್ ಕೂಡ ಇಲ್ಲ ಅನ್ನೋಕೆ ಆಗಲ್ಲ ಅನ್ಸುತ್ತೆ. ಅಂದ್ರೆ ಬರೆದ ಕಾನೂನನ್ನ ಗಟ್ಟಿಯಾಗಿ ಹಿಡ್ಕೊಂಡಿದ್ರೂ ಸಾಕಿತ್ತು, ನಾಲ್ಕು ಜನ ಅದನ್ನೂ ಹಿಡೀಲಿಲ್ಲ.

ಮೊದಲ ಪೋಸ್ಟಲ್ಲಿ ನಾನು ಅವರ ಪರ ಅಷ್ಟು ಹೇಳಿದ್ದೆ, ಆ ಮಾತು ಈಗ ವಾಪಸ್ ತಗೊಳ್ತೀನಿ.

ನಿವೃತ್ತ ಮೇಷ್ಟ್ರು, ಸಾಗರ

ತುಂಬಾ ಸಂತೋಷ ತಮ್ಮಾ. ಆ ತೀರ್ಪಿಗೆ ಖನ್ನಾ ತೆತ್ತ ಬೆಲೆ 1977ರ ಜನವರಿಯಲ್ಲಿ ಗೊತ್ತಾಯ್ತು, ಸರದಿ ಪ್ರಕಾರ ಮುಖ್ಯ ನ್ಯಾಯಮೂರ್ತಿ ಆಗಬೇಕಿತ್ತು, ಅವರನ್ನ ಬಿಟ್ಟು ಬೇಗ್ ಅವರನ್ನ ಮಾಡಿದ್ರು, ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ಹೋದ್ರು.

ಅದೇ ಜನವರಿಯ ಇನ್ನೊಂದು ಸಂಗತಿ. ಸ್ನೇಹಲತಾ ರೆಡ್ಡಿ, ಸಂಸ್ಕಾರ ಸಿನಿಮಾದ ಚಂದ್ರಿ. ಅವರನ್ನ ಹಿಡಿದದ್ದು 1976ರ ಮೇ 2ಕ್ಕೆ, ಅಂದ್ರೆ ಸುಪ್ರೀಂ ಕೋರ್ಟ್ ಬಾಗಿಲು ಹಾಕಿ ನಾಲ್ಕೇ ದಿನಕ್ಕೆ. ಮಲ್ಲೇಶ್ವರದವರ ಮಗಳು ಕೈ ಚಾಚಿದ ಅದೇ ಜೈಲಲ್ಲಿ ಇಟ್ಟಿದ್ರು. ಆಸ್ತಮಾ ಇತ್ತು. ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ರು, ಕೆಲವೇ ದಿನಕ್ಕೆ, 20ನೇ ತಾರೀಕು ತೀರಿಹೋದ್ರು. ಆ ಏಪ್ರಿಲ್ ತಿಂಗಳಲ್ಲಿ ಇನ್ನಿಬ್ಬರು ಜಡ್ಜುಗಳು ಖನ್ನಾ ಪಕ್ಕ ಕೂತಿದ್ರೆ ಅವರ ಮನೆಯವರಿಗೆ ಕೋರ್ಟಿಗೆ ಹೋಗಿ ಕೇಳೋ ದಾರಿಯಾದ್ರೂ ಇರ್ತಿತ್ತಲ್ಲ ಅನ್ನೋದು ನನ್ನ ತಲೆಯಿಂದ ಹೋಗಲ್ಲ.

ನೇತ್ರಾವತಿ ತೀರ

ಮತ್ತೆ ಸರಿ ಮಾಡಿದ್ದೂ ಹೇಳಬೇಕು. 1978ರ 44ನೇ ತಿದ್ದುಪಡಿಯಲ್ಲಿ 20 ಮತ್ತು 21ನೇ ವಿಧಿಯನ್ನ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವ ಹಾಗಿಲ್ಲ ಅಂತ ಆಯ್ತು. ತೀರ್ಪು ಮಾತ್ರ ಹಾಗೇ ಬಿದ್ದುಕೊಂಡಿತ್ತು, ಅದನ್ನ ತೆಗೆದದ್ದು 2017ರ ಆಗಸ್ಟ್ 24ಕ್ಕೆ, ಒಂಬತ್ತು ಜಡ್ಜುಗಳ ಪೀಠ, ಖಾಸಗಿತನದ ಕೇಸಿನಲ್ಲಿ. ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಹಾಕುವಾಗ ಅವರಿಗೆ 86 ವರ್ಷ. ಎಡಿಎಂ ಜಬಲ್ಪುರ ತಪ್ಪು ಅಂತ ಬರೆದವರು ಡಿ.ವೈ. ಚಂದ್ರಚೂಡ್, ಆ ನಾಲ್ಕು ಜನರಲ್ಲಿ ಒಬ್ಬರು ಅವರ ಸ್ವಂತ ಅಪ್ಪ. ಬದುಕು, ಸ್ವಾತಂತ್ರ್ಯ ಸಂವಿಧಾನದ ಸೃಷ್ಟಿ ಅಲ್ಲ, ಸಂವಿಧಾನ ಅವನ್ನ ಗುರುತಿಸಿದೆ ಅಂತ ಸ್ಪಷ್ಟ ಹೇಳಿದ್ದಾರೆ. ಮಲ್ಲೇಶ್ವರದವರ ಪ್ರಶ್ನೆಗೆ ಕೋರ್ಟಿನ ಉತ್ತರ ಅದು.

ಧಾರವಾಡ ಪೇಡೆ

ಉತ್ತರ ಚಲೋ ಐತ್ರಿ. ಆದ್ರ 2017ರ ಮ್ಯಾಲೂ ಆ ಅವ್ವ ಗಂಟು ಹಿಡ್ಕೊಂಡು ಬಂದಿದ್ಳು ನೋಡ್ರಿ, ನಾ ಹೇಳಿದ್ದು ಮೊನ್ನಿ ಮೊನ್ನಿ ಕಥಿ. ಖನ್ನಾ ಅವ್ರು ಏನ ಬರದಾರ ಅಂತ ಆಕಿಗೆ ಓದಿ ಹೇಳಬೇಕಂದ್ರ ಕನ್ನಡದಾಗ ನನಗ ಎಲ್ಲೂ ಸಿಗಲಿಲ್ಲ. ಯಾರರೆ ಕೂಡಿ ಮಾಡೋಣೇನು? ಪೂರಾ ಬ್ಯಾಡ, ಮುಖ್ಯ ಹಾಳಿಗೋಳು ಸಾಕು.

ಕಾನೂನು ಮೂರನೇ ವರ್ಷ

ನಾನು ರೆಡಿ. ನಿನ್ನೆನೇ ಕೂತು ಎರಡು ಪುಟ ಮಾಡಿದೆ, ಒಂದು ಪದಕ್ಕೆ ಸಿಕ್ಕಿಹಾಕ್ಕೊಂಡಿದೀನಿ. 21ನೇ ವಿಧಿ ಬದುಕಿನ ಹಕ್ಕಿನ ಏಕೈಕ "ರೆಪಾಸಿಟರಿ" ಹೌದಾ ಅಲ್ವಾ ಅನ್ನೋದೇ ಇಡೀ ಜಗಳ. ಡಿಕ್ಷನರಿಯಲ್ಲಿ ಭಂಡಾರ, ನಿಧಿ, ಆಕರ ಅಂತೆಲ್ಲ ಇದೆ, ಯಾವುದೂ ಕೂರ್ತಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ

ಕಣಜ ಅನ್ನಿ. ಭತ್ತ ಕಣಜದಲ್ಲಿ ಇರುತ್ತೆ, ಕಣಜದಲ್ಲಿ ಬೆಳೆಯಲ್ಲ. ಕಣಜಕ್ಕೆ ಬೀಗ ಹಾಕಿದೆ ಅಂತ ಗದ್ದೆ ಇಲ್ಲ ಅಂತಾಗಲ್ಲ. ಖನ್ನಾ ಅವರ ವಾದ ನನಗೆ ಅರ್ಥ ಆಗಿರೋದು ಹಾಗೆ.

ಕೋಲಾರದ ಹುಡುಗಿ

ಕಣಜ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಗದ್ದೆ ಯಾರದ್ದು ಅಂತ ನಾನು ಕೇಳೇ ಕೇಳ್ತೀನಿ. ಗದ್ದೆ ಇಲ್ಲದೋರಿಗೆ ಊರಲ್ಲಿ ಕಣ್ಣಿಗೆ ಕಾಣೋದು ಕಣಜ ಒಂದೇ, ಅದಕ್ಕೇ ಅದರ ಬೀಗದ ಮೇಲೆ ನಮಗೆ ಅಷ್ಟು ಕಣ್ಣು. ಇದನ್ನ ಅನುವಾದದ ಮುಂದೆ ಒಂದು ಪುಟ ಬರೆಯೋಕೆ ಬಿಡ್ತೀರಾದ್ರೆ ನಾನೂ ಸೇರ್ತೀನಿ.

ಕಾನೂನು ಮೂರನೇ ವರ್ಷ

ಬರೀರಿ, ಖಂಡಿತ. ಕಣಜ ಅಂತಲೇ ಇಡ್ತೀನಿ. ಪೊಲೀಸ್ ಅಧಿಕಾರಿಯ ಪ್ರಶ್ನೆ ಇರೋ ಭಾಗ ಮೇಷ್ಟ್ರು ತಗೊಳ್ಳಿ, ಮೀಸಾ ಷರತ್ತಿನ ಭಾಗ ನಾನು ಮಾಡ್ತೀನಿ. ಧಾರವಾಡದವರೇ, ನೀವು ಕಡೆಗೆ ಒಂದ್ಸಲ ಆ ಅಮ್ಮನಿಗೆ ಓದಿ ಹೇಳಿ, ಎಲ್ಲಿ ಅವರು ತಡೆದು ಕೇಳ್ತಾರೋ ಆ ಸಾಲಿಗೆ ಗುರುತು ಹಾಕಿ ಕಳ್ಸಿ, ಅಲ್ಲಿ ಮತ್ತೆ ಬರೆಯೋಣ.

ಧಾರವಾಡ ಪೇಡೆ

ಆತ್ರಿ. ಐತ್ವಾರ ಆಕಿ ಮನ್ಯಾಗ ಇರ್ತಾಳ. ಶನಿವಾರದೊಳಗ ಎಷ್ಟಾಗಿರ್ತದ ಅಷ್ಟ ಕಳಸ್ರಿ.